ಎಂಜಿನ್ ಬಿಸಿ: ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಹಳೆಯ ಕಾರುಗಳಲ್ಲಿ ದೋಷಪತ್ತೆ

ನೀರಿನಿಂದ ತಂಪಾಗುವ ಎಂಜಿನ್ನಿನಲ್ಲಿ ಹುಟ್ಟುವ ಶಾಖವನ್ನು ರೇಡಿಯೇಟರು ಹೊರಹಾಕಲಾರದೆ ಹೋದಾಗ ಒಳಗಿನ ನೀರು ಕುದಿಯತೊಡಗುತ್ತದೆ. ಇದೇ ಎಂಜಿನ್ ಬಿಸಿ. ಜನರ ಮಾತಿನಲ್ಲಿ ‘ಗಾಡಿ ಹೀಟ್ ಆಗುವುದು’. ಬಯಲುಸೀಮೆಯಲ್ಲಿ ಇದು ಬೇಸಿಗೆಯ ಮತ್ತು ಪಟ್ಟಣದ ವಾಹನದಟ್ಟಣೆಯ ತೊಂದರೆ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಏರುದಾರಿಯ ತೊಂದರೆ. ಇಲ್ಲಿನ ಹಳೆಯ ಕಾರುಗಳಲ್ಲಿ ದೋಷ ಎಷ್ಟೋ ತಿಂಗಳ ಮೊದಲೇ ಸೇರಿಕೊಂಡಿರುತ್ತದೆ, ಕಾಣಿಸಿಕೊಳ್ಳುವುದು ಮಾತ್ರ ಘಟ್ಟ ಹತ್ತುವಾಗ. ಹಾಗಾಗಿ ಯಾವ ಭಾಗ ಕೆಟ್ಟಿದೆ ಎಂದು ಹುಡುಕುವ ಮೊದಲು ಗಾಡಿ ಯಾವಾಗ, ಎಂಥ ದಾರಿಯಲ್ಲಿ, ಎಷ್ಟು ಬೇಗ ಬಿಸಿಯಾಯಿತು ಎಂದು ಕೇಳಿಕೊಳ್ಳಬೇಕು. ಆ ಉತ್ತರದಲ್ಲೇ ಅರ್ಧ ದೋಷಪತ್ತೆ ಮುಗಿದಿರುತ್ತದೆ.

ದಾರಿಗಳು

ಈ ಮೂರು ಊರುಗಳಲ್ಲಿ ಯಾವುದಕ್ಕೂ ರೈಲಿಲ್ಲ. ಕರಾವಳಿಗೆ ಇಳಿಯಲು ರಸ್ತೆಯೊಂದೇ ಗತಿ. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ, ಯಲ್ಲಾಪುರದಿಂದ ಅಂಕೋಲಾಕ್ಕೆ ಅರಬೈಲ್ ಘಟ್ಟ, ಸಿದ್ದಾಪುರದಿಂದ ಕುಮಟಾ ಕಡೆಗೆ ದೊಡ್ಮನೆ ಘಟ್ಟ, ಮಾವಿನಗುಂಡಿಯ ಮೇಲೆ ಹೊನ್ನಾವರಕ್ಕೆ ಹೋಗುವವರಿಗೆ ಗೇರುಸೊಪ್ಪೆಯ ಘಟ್ಟ. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈ ಪ್ರಾಂತಕ್ಕೆ ಸೇರಿದ ಮೇಲೆ ಧಾರವಾಡ ಸೀಮೆಯ ಹತ್ತಿಯನ್ನು ಕುಮಟಾ, ಕಾರವಾರದ ಬಂದರುಗಳಿಗೆ ಇಳಿಸುವ ಸಲುವಾಗಿ ಈ ದಾರಿಗಳಿಗೆ ಮಹತ್ವ ಬಂತು. ಎತ್ತಿನ ಗಾಡಿಗೆಂದು ಹಾಕಿದ ದಾರಿಯ ತಿರುವುಗಳಲ್ಲೇ ಮುಂದೆ ಮೋಟಾರುಗಳೂ ಓಡಿದವು.

ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಕುಮಟಾದಿಂದ ಹೊರಟರೆ ಕತಗಾಲದ ತನಕ ದಾರಿ ಹೆಚ್ಚು ಏರುವುದಿಲ್ಲ. ಬಹುಪಾಲು ಏರಿಕೆ ಅಲ್ಲಿಂದಾಚೆ ದೇವಿಮನೆಯ ನೆತ್ತಿಯವರೆಗಿನ ಕೆಲವೇ ಕಿಲೋಮೀಟರುಗಳಲ್ಲಿದೆ. ಅಂಕೋಲಾ ಕಡೆಯಿಂದ ಬರುವವರಿಗೆ ರಾಮನಗುಳಿ ದಾಟಿದ ಮೇಲೆ ಇದೇ ಕತೆ. ಇನ್ನೊಂದು ಸಂಗತಿಯನ್ನು ಇಲ್ಲಿನ ಕಾರಿನವರೆಲ್ಲ ಗಮನಿಸಬೇಕು. ಬೆಳಿಗ್ಗೆ ಮನೆಯಿಂದ ಹೊರಟ ಗಾಡಿ ತಂಪು ಹೊತ್ತಿನಲ್ಲಿ, ಗೇರಿನಲ್ಲಿ, ಎಂಜಿನ್ನಿಗೆ ಕೆಲಸವೇ ಇಲ್ಲದಂತೆ ಘಟ್ಟ ಇಳಿಯುತ್ತದೆ. ಮದುವೆಯನ್ನೋ ಆಸ್ಪತ್ರೆಯನ್ನೋ ಮುಗಿಸಿ, ಕರಾವಳಿಯ ಮಧ್ಯಾಹ್ನದ ಸೆಕೆಯಲ್ಲಿ, ಜನವನ್ನೂ ಸಾಮಾನನ್ನೂ ತುಂಬಿಕೊಂಡು ಅದೇ ಗಾಡಿ ಹತ್ತುತ್ತದೆ. ಆದ್ದರಿಂದ ‘ಹೋಗುವಾಗ ಚೆನ್ನಾಗಿಯೇ ಇತ್ತು’ ಎಂಬ ಮಾತಿನಿಂದ ತಂಪು ವ್ಯವಸ್ಥೆಯ ಬಗ್ಗೆ ಏನೂ ತಿಳಿಯುವುದಿಲ್ಲ.

2000ದ ದಶಕದಲ್ಲಿ ಬಳ್ಳಾರಿ ಸೀಮೆಯ ಕಬ್ಬಿಣದ ಅದಿರು ಬೇಲೆಕೇರಿ, ಕಾರವಾರ ಬಂದರುಗಳಿಗೆ ಲಾರಿಗಳಲ್ಲಿ ಹರಿದಾಗ ಅರಬೈಲ್ ಘಟ್ಟ ಲಾರಿಗಳ ಸಾಲಿನಿಂದ ತುಂಬಿಹೋಗಿತ್ತು. ಅದಿರಿನ ಓಡಾಟ ನಿಂತಿತು, ಸರಕು ಲಾರಿಗಳು ನಿಂತಿಲ್ಲ. 2021ರ ಜುಲೈಯಲ್ಲಿ ಗುಡ್ಡ ಕುಸಿದು ಈ ಘಟ್ಟದ ಸಂಚಾರವೇ ಕಡಿದುಹೋಯಿತು. ಕುಸಿತವೋ ರಸ್ತೆ ಕಾಮಗಾರಿಯೋ ನಡೆದಾಗಲೆಲ್ಲ ವಾಹನಗಳು ಏರಿನಲ್ಲೇ ಸಾಲುಗಟ್ಟಿ ತೆವಳುತ್ತವೆ. ಹಳೆಯ ರೇಡಿಯೇಟರಿಗೆ ಇದಕ್ಕಿಂತ ಕಠಿಣವಾದ ಸ್ಥಿತಿ ಇಲ್ಲ.

ಶಾಖದ ಲೆಕ್ಕ

ಪೆಟ್ರೋಲಿನಲ್ಲಿರುವ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಪಾಲಿಗಿಂತ ಕಡಿಮೆ ಚಕ್ರಕ್ಕೆ ಸೇರುತ್ತದೆ. ಮತ್ತೊಂದು ಪಾಲು ಸೈಲೆನ್ಸರಿನಿಂದ ಹೊರಹೋಗುತ್ತದೆ. ಉಳಿದದ್ದನ್ನು ಬಹುಪಾಲು ತಂಪು ವ್ಯವಸ್ಥೆಯೇ ಹೊರಬೇಕು. ಅಂದರೆ ಎಂಜಿನ್ ಎಷ್ಟು ಕೆಲಸ ಮಾಡುತ್ತದೋ ಹೆಚ್ಚುಕಡಿಮೆ ಅಷ್ಟೇ ಶಾಖವನ್ನು ರೇಡಿಯೇಟರು ಗಾಳಿಗೆ ಬಿಡಬೇಕು.

ಐದು ಜನ, ಡಿಕ್ಕಿ ತುಂಬ ಸಾಮಾನು ಹೊತ್ತ ಅಂಬಾಸಿಡರ್ ಸುಮಾರು 1500 ಕಿಲೋ ತೂಗುತ್ತದೆ. ಅದನ್ನು 500 ಮೀಟರ್ ಮೇಲೆತ್ತಲು ಬೇಕಾದ ಕೆಲಸವೇ ಸುಮಾರು 7 ಮೆಗಾಜೂಲ್. ಗಾಳಿಯ ತಡೆ, ಚಕ್ರದ ಎಳೆತ ಇದಕ್ಕೆ ಹೊರತು. ಅಷ್ಟೇ ಶಾಖ ರೇಡಿಯೇಟರಿನ ಪಾಲಿಗೂ ಬಂತೆಂದುಕೊಂಡರೆ, ಅದು ಮೂರು ಲೀಟರು ಕುದಿಯುವ ನೀರನ್ನು ಪೂರ್ತಿ ಆವಿ ಮಾಡಲು ಸಾಕು. ಮಟ್ಟಸ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ನುಗ್ಗುವ ಗಾಳಿ ಅರ್ಧ ಕಟ್ಟಿಹೋದ ರೇಡಿಯೇಟರನ್ನೂ ಕಾಪಾಡುತ್ತದೆ. ಸೆಕೆಂಡ್ ಗೇರಿನಲ್ಲಿ 20 ಕಿ.ಮೀ. ವೇಗದಲ್ಲಿ ಹತ್ತುವಾಗ ಆ ಗಾಳಿ ಇಲ್ಲ, ಎಂಜಿನ್ ಮಾತ್ರ ಜೋರಾಗಿ ತಿರುಗುತ್ತಿರುತ್ತದೆ.

ಕುದಿಬಿಂದುವಿನ ವಿಷಯದಲ್ಲಿ ರೇಡಿಯೇಟರ್ ಕ್ಯಾಪಿಗೆ ದೊಡ್ಡ ಪಾತ್ರವಿದೆ. ಶಿರಸಿಯ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 98 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಕ್ಯಾಪಿನ ಸ್ಪ್ರಿಂಗ್ ವ್ಯವಸ್ಥೆಯೊಳಗೆ ಒತ್ತಡವನ್ನು ಹಿಡಿದಿಟ್ಟು ಈ ಮಿತಿಯನ್ನು ಮೇಲಕ್ಕೆ ಒಯ್ಯುತ್ತದೆ: ಹಳೆಯ ಕಾರುಗಳ 0.5 ಬಾರ್ ಆಸುಪಾಸಿನ ಕ್ಯಾಪು ಸುಮಾರು 110 ಡಿಗ್ರಿಗೆ, ನಂತರದ ಕಾರುಗಳ 0.9 ಬಾರ್ ಕ್ಯಾಪು ಸುಮಾರು 118 ಡಿಗ್ರಿಗೆ. ಕ್ಯಾಪಿನ ರಬ್ಬರ್ ಒಣಗಿ ಬಿರುಕುಬಿಟ್ಟಿದ್ದರೆ ಬೇರೆಲ್ಲ ಸರಿಯಿದ್ದರೂ ನೀರು ಕುದಿಯುತ್ತದೆ. ಇಡೀ ವ್ಯವಸ್ಥೆಯಲ್ಲಿ ಅತಿ ಅಗ್ಗದ ಭಾಗ ಇದು. ಆದರೂ ಬದಲಿಸುವವರು ಎಲ್ಲಕ್ಕಿಂತ ಕೊನೆಗೆ ಇದನ್ನು ನೋಡುತ್ತಾರೆ. ಹಳೆಯ ಕಾರಿಗೆ ‘ಇನ್ನೂ ಗಟ್ಟಿ ಇರಲಿ’ ಎಂದು ಹೆಚ್ಚು ಒತ್ತಡದ ಕ್ಯಾಪು ಹಾಕುವುದೂ ತಪ್ಪು. ಬೆಸುಗೆ ಹಾಕಿದ ಹಳೆಯ ಹಿತ್ತಾಳೆ ರೇಡಿಯೇಟರು ಆ ಒತ್ತಡಕ್ಕೆ ಸೀಳುತ್ತದೆ.

ಹಳೆಯ ಕಾರುಗಳು

ಹಿಂದೂಸ್ತಾನ್ ಮೋಟಾರ್ಸ್‌ನ ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ. ಬಹುಕಾಲ ಅದರಲ್ಲಿದ್ದದ್ದು 1489 ಸಿಸಿ ಎಂಜಿನ್, 1990ರ ದಶಕದಿಂದ ಇಸುಜು 1.8 ಲೀಟರ್ ಎಂಜಿನ್ನೂ ಬಂತು. ಅಂಬಾಸಿಡರಿನ ಹಳೆಯ ಎಂಜಿನ್ ಎರಕದ ಕಬ್ಬಿಣದ್ದು, ಭಾರ, ಆದರೆ ಸಹನೆ ಜಾಸ್ತಿ. ಸ್ವಲ್ಪ ಕುದಿದರೂ ಸುಧಾರಿಸಿಕೊಳ್ಳುತ್ತದೆ. ಅದರ ಫ್ಯಾನು ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುತ್ತದೆ. 1089 ಸಿಸಿಯ ಪ್ರೀಮಿಯರ್ ಪದ್ಮಿನಿ ತುಂಬಿದ ಹೊರೆಯಲ್ಲಿ ಘಟ್ಟ ಹತ್ತುವಾಗ ಏದುಸಿರು ಬಿಡುತ್ತದೆ. 1983ರಿಂದ 2014ರವರೆಗೆ ಬಂದ ಮಾರುತಿ 800 ಮತ್ತು 2019ರವರೆಗೆ ಬಂದ ಓಮ್ನಿ, ಎರಡರಲ್ಲೂ ಇರುವುದು 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್. ಇದರ ಹೆಡ್ ಅಲ್ಯೂಮಿನಿಯಂ. ಶಾಖ ಮೀರಿತೆಂದರೆ ಬೇಗ ಬಾಗುತ್ತದೆ. ಅಡಿಕೆ ತೋಟದ ಮನೆಗಳಲ್ಲಿ ಜನಕ್ಕೂ ಸಾಮಾನಿಗೂ ಒದಗುವ ಓಮ್ನಿಯಲ್ಲಿ ಎಂಜಿನ್ ಮುಂದಿನ ಸೀಟಿನಡಿ ಇರುವುದರಿಂದ ಚಾಲಕನಿಗೆ ಮೀಟರಿಗಿಂತ ಮೊದಲೇ ಸೀಟು ಸುದ್ದಿ ಹೇಳುತ್ತದೆ.

ಯಾವಾಗ ಬಿಸಿಯಾಗುತ್ತದೆ?

ನಿಂತಲ್ಲೇ ಅಥವಾ ನಿಧಾನವಾಗಿ ಹೋಗುವಾಗ ಬಿಸಿಯಾಗಿ, ವೇಗ ಹಿಡಿದೊಡನೆ ತಣ್ಣಗಾದರೆ ಸಂಶಯ ಪಡಬೇಕಾದದ್ದು ಫ್ಯಾನನ್ನು. ಮಾರುತಿಯಂಥ ವಿದ್ಯುತ್ ಫ್ಯಾನಿನ ಕಾರನ್ನು ಅಂಗಳದಲ್ಲಿ ಚಾಲೂ ಇಟ್ಟು ಮುಳ್ಳು ನೋಡುತ್ತಿರಬೇಕು. ಮುಕ್ಕಾಲು ದಾಟಿದರೂ ಫ್ಯಾನು ತಿರುಗದಿದ್ದರೆ ಎಂಜಿನ್ ಬಂದ್ ಮಾಡಿ, ಇಗ್ನಿಷನ್ ಮಾತ್ರ ಆನ್ ಇಟ್ಟು, ಥರ್ಮೋ ಸ್ವಿಚ್ಚಿನ ಎರಡು ವಯರುಗಳನ್ನು ಒಂದಕ್ಕೊಂದು ಜೋಡಿಸಬೇಕು. ಫ್ಯಾನು ತಿರುಗಿತೆಂದರೆ ಕೆಟ್ಟಿರುವುದು ಸ್ವಿಚ್ಚು. ತಿರುಗದಿದ್ದರೆ ಫ್ಯೂಸು, ರಿಲೇ, ವಯರು ಅಥವಾ ಮೋಟಾರು. ಈ ಸೀಮೆಯಲ್ಲಿ ವಯರನ್ನು ಮೊದಲು ನೋಡುವುದು ಲೇಸು. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2500 ಮಿ.ಮೀ. ಮಳೆ ಬೀಳುತ್ತದೆ, ನಾಲ್ಕು ತಿಂಗಳ ಥಂಡಿಯಲ್ಲಿ ಕನೆಕ್ಟರುಗಳು ಹಸಿರುಗಟ್ಟುತ್ತವೆ. ಕೊಟ್ಟಿಗೆಯ ಪಕ್ಕ ನಿಲ್ಲಿಸಿದ ಗಾಡಿಯ ಬಾನೆಟ್ಟಿನೊಳಗೆ ಇಲಿ ಗೂಡು ಕಟ್ಟಿ ವಯರು ಕಡಿಯುವುದೂ ಮಳೆಗಾಲದಲ್ಲೇ ಹೆಚ್ಚು.

ಊರೊಳಗೆ ಸರಿಯಿದ್ದು ಏರಿನಲ್ಲಿ, ಅಥವಾ ಹೆಚ್ಚು ವೇಗದಲ್ಲಿ ಮಾತ್ರ ಬಿಸಿಯಾದರೆ ನೀರಿನ ಅಥವಾ ಗಾಳಿಯ ಹರಿವಿಗೆ ಎಲ್ಲೋ ಅಡ್ಡಿ ಇದೆ. ರೇಡಿಯೇಟರಿನ ಕೊಳವೆಗಳೊಳಗೆ ತುಕ್ಕು, ಕಿಲುಬು ಕಟ್ಟಿರಬಹುದು. ಹೊರಗಿನ ರೆಕ್ಕೆಗಳ ನಡುವೆ ಕೆಂಪುಮಣ್ಣು, ಹುಲ್ಲಿನ ಬೀಜ, ಹುಳು ಸೇರಿ ಗೋಡೆಯಾಗಿರಬಹುದು. ಎಂಜಿನ್ ಬಿಸಿಯಾದ ಮೇಲೆ ಬಂದ್ ಮಾಡಿ, ಫ್ಯಾನು ತಾನಾಗಿ ತಿರುಗದಂತೆ ಬ್ಯಾಟರಿಯ ವಯರು ತೆಗೆದು, ರೇಡಿಯೇಟರಿನ ಮುಖದ ಹತ್ತಿರ ಅಂಗೈ ಹಿಡಿದು ಸರಿಸುತ್ತ ಬಂದರೆ ಸಾಕು. ಬಿಸಿಯ ನಡುವೆ ತಣ್ಣಗಿರುವ ಪಟ್ಟಿ ಸಿಕ್ಕಿತೆಂದರೆ ಅಲ್ಲಿ ನೀರು ಹರಿಯುತ್ತಿಲ್ಲ. ಹಿತ್ತಾಳೆಯ ರೇಡಿಯೇಟರಾದರೆ ಟ್ಯಾಂಕು ಬಿಚ್ಚಿ, ಸಲಾಕೆ ಹಾಕಿ ಕೊಳವೆ ಬಿಡಿಸಿ, ಮತ್ತೆ ಬೆಸುಗೆ ಹಾಕಬಹುದು. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂ ರೇಡಿಯೇಟರಿಗೆ ಆ ಭಾಗ್ಯವಿಲ್ಲ, ಬದಲಿಸಬೇಕು.

ಏರಿನಲ್ಲಿ ಮಾತ್ರ ಕಾಡುವ ಇನ್ನೊಂದು ದೋಷ ಬಹಳ ಮೆಕ್ಯಾನಿಕರ ಕಣ್ಣಿಗೂ ಬೀಳುವುದಿಲ್ಲ. ರೇಡಿಯೇಟರಿನ ಕೆಳಗಿನ ಹೋಸು ವಾಟರ್ ಪಂಪಿನ ಎಳೆತದ ಕಡೆಗಿದೆ. ಅದು ಒಳಕ್ಕೆ ಕುಸಿಯದಂತೆ ಕೆಲವು ಹೋಸುಗಳೊಳಗೆ ತಂತಿಯ ಸುರುಳಿ ಇರುತ್ತದೆ. ಸುರುಳಿ ತುಕ್ಕುಹಿಡಿದು ಕರಗಿಹೋದರೆ, ಅಥವಾ ರಬ್ಬರ್ ಮೆತ್ತಗಾದರೆ, ಎಂಜಿನ್ ಜೋರಾಗಿ ತಿರುಗಿದಾಗ ಹೋಸು ಚಪ್ಪಟೆಯಾಗಿ ನೀರಿನ ದಾರಿ ಮುಚ್ಚುತ್ತದೆ. ಗ್ಯಾರೇಜಿನಲ್ಲಿ ಸುಮ್ಮನೆ ಚಾಲೂ ಇಟ್ಟು ನೋಡಿದರೆ ಹೋಸು ಗುಂಡಗೇ ಇರುತ್ತದೆ. ಬಾನೆಟ್ ತೆಗೆದು, ಎಂಜಿನ್ ಬಿಸಿಯಾದ ಮೇಲೆ ಒಬ್ಬರು ಆಕ್ಸಿಲರೇಟರ್ ಒತ್ತಿ ಹಿಡಿದು, ಇನ್ನೊಬ್ಬರು ಕೆಳಗಿನ ಹೋಸನ್ನೇ ನೋಡುತ್ತಿದ್ದರೆ ಅದು ಒಳಗೆಳೆದುಕೊಳ್ಳುವುದು ಕಣ್ಣಿಗೆ ಕಾಣುತ್ತದೆ.

ಹೊರಟ ಹತ್ತು ನಿಮಿಷದೊಳಗೆ, ದಾರಿ ಯಾವುದಾದರೂ ಇರಲಿ, ಮುಳ್ಳು ಕೆಂಪಿಗೆ ಹೋದರೆ, ಎಂಜಿನ್ ಕಾಯುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ಮುಚ್ಚಿದಲ್ಲೇ ಕೂತಿರಬೇಕು. ಆಗ ಮೇಲಿನ ಹೋಸು ತಣ್ಣಗಿದ್ದು ಎಂಜಿನ್ ಮಾತ್ರ ಕಾದಿರುತ್ತದೆ. ಥರ್ಮೋಸ್ಟಾಟನ್ನು ಬಿಚ್ಚಿ, ನೀರಿನ ಪಾತ್ರೆಯಲ್ಲಿ ದಾರ ಕಟ್ಟಿ ಇಳಿಬಿಟ್ಟು ಒಲೆಯ ಮೇಲಿಟ್ಟರೆ ಪರೀಕ್ಷೆ ಆಯಿತು: ಸುಮಾರು 82ರಿಂದ 88 ಡಿಗ್ರಿಯಲ್ಲಿ ಬಾಯಿ ಬಿಡಬೇಕು, ಕುದಿಯುವ ಹೊತ್ತಿಗೆ ಪೂರ್ತಿ ತೆರೆದಿರಬೇಕು.

ಈ ಭಾಗವನ್ನು ಕಿತ್ತೆಸೆದು ‘ಇನ್ನು ಹೀಟ್ ಆಗುವುದಿಲ್ಲ’ ಎಂದು ಕಳಿಸುವ ರೂಢಿ ನಮ್ಮಲ್ಲಿ ವ್ಯಾಪಕವಾಗಿದೆ. ಇದು ರಿಪೇರಿಯಲ್ಲ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಮಲೆನಾಡಿನ ಚಳಿಯ ಬೆಳಗಿನಲ್ಲಿ ಬಿಸಿಯೇರಲು ತುಂಬ ಹೊತ್ತು ತೆಗೆದುಕೊಳ್ಳುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಎಣ್ಣೆಯಲ್ಲಿ ತೇವ ಉಳಿದು ಸಿಲಿಂಡರ್ ಸವೆಯುತ್ತದೆ. ಥರ್ಮೋಸ್ಟಾಟೇ ಬೈಪಾಸ್ ದಾರಿಯನ್ನು ಮುಚ್ಚುವ ಎಂಜಿನ್ನುಗಳಲ್ಲಂತೂ ಅದನ್ನು ತೆಗೆದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಒಳಗೊಳಗೇ ಸುತ್ತುತ್ತದೆ, ಘಟ್ಟದಲ್ಲಿ ಬಿಸಿ ಇನ್ನೂ ಹೆಚ್ಚುತ್ತದೆ.

ನೀರು ಪದೇಪದೇ ಕಡಿಮೆಯಾಗುವ ಗಾಡಿಯದ್ದು ಬೇರೆ ವಿಚಾರ. ಮೊದಲು ಹೊರಗಿನ ಸೋರಿಕೆ ಹುಡುಕಬೇಕು: ಹೋಸಿನ ಕ್ಲಿಪ್ಪು, ವಾಟರ್ ಪಂಪಿನ ಕೆಳಗಿನ ಸಣ್ಣ ತೂತು, ಬ್ಲಾಕಿನ ಪ್ಲಗ್ಗುಗಳು, ಹೀಟರಿನ ಪೈಪು. ರಾತ್ರಿ ಗಾಡಿಯಡಿ ರಟ್ಟು ಹಾಸಿಟ್ಟರೆ ಬೆಳಿಗ್ಗೆ ಕಲೆ ಜಾಗ ತೋರಿಸುತ್ತದೆ. ಪಂಪಿನ ತೂತಿನಿಂದ ಹನಿ ಬೀಳುತ್ತಿದ್ದರೆ ಸೀಲು ಹೋಗಿದೆ ಎಂದೇ ಅರ್ಥ. ಅದನ್ನು ಎಂಸೀಲ್ ಹಾಕಿ ಮುಚ್ಚಬಾರದು, ಒಳಗಿನ ಬೇರಿಂಗಿಗೆ ನೀರು ಹೋಗಿ ಪಂಪೇ ಹಿಡಿದುಕೊಳ್ಳುತ್ತದೆ. ಬೆಲ್ಟನ್ನು ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ 10–12 ಮಿ.ಮೀ. ತಗ್ಗಬೇಕು. ಅದಕ್ಕಿಂತ ಸಡಿಲವಾದರೆ ಏರಿನಲ್ಲಿ ಜಾರುತ್ತದೆ, ತೀರ ಬಿಗಿಯಾದರೆ ಪಂಪಿನ ಬೇರಿಂಗ್ ತಿನ್ನುತ್ತದೆ.

ತಂಪು ವ್ಯವಸ್ಥೆಯಲ್ಲಿ ಏನೂ ಸಿಗದಿದ್ದಾಗ ಹೊರಗೆ ನೋಡಬೇಕು. ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದಿದ್ದರೆ, ಕಾರ್ಬುರೇಟರಿನಿಂದ ಪೆಟ್ರೋಲ್ ಕಡಿಮೆ ಬರುತ್ತಿದ್ದರೆ, ಕ್ಲಚ್ ಜಾರುತ್ತಿದ್ದರೆ, ಮಳೆಗಾಲದ ತುಕ್ಕಿನಿಂದ ಬ್ರೇಕ್ ಬಿಡದೆ ಹಿಡಿದಿದ್ದರೆ ಎಂಜಿನ್ ಕಾಯುತ್ತದೆ. ತಪ್ಪು ಆರೋಪ ಹೊರುವುದು ರೇಡಿಯೇಟರು.

ಮೀಟರನ್ನು ನಂಬುವುದರಲ್ಲೂ ಎಚ್ಚರ ಬೇಕು. ಏರುತ್ತಿದ್ದ ಮುಳ್ಳು ಥಟ್ಟನೆ ಕೆಳಗಿಳಿದರೆ ಎಂಜಿನ್ ತಣ್ಣಗಾಯಿತೆಂದು ಹಿಗ್ಗಬಾರದು. ನೀರು ಖಾಲಿಯಾಗಿ ಸೆನ್ಸರು ಬರಿಗಾಳಿಯಲ್ಲಿ ನಿಂತಿರಬಹುದು. ಆಗ ಎಂಜಿನ್ ನಿಲ್ಲಿಸದಿದ್ದರೆ ಕೆಲವೇ ನಿಮಿಷಗಳಲ್ಲಿ ಸೀಜ್ ಆಗುತ್ತದೆ. ಕೆಲವು ಹಳೆಯ ಕಾರುಗಳಲ್ಲಿ ಪೆಟ್ರೋಲಿನ ಮುಳ್ಳೂ ಬಿಸಿಯ ಮುಳ್ಳೂ ಒಟ್ಟಿಗೇ ಏರಿದರೆ ಕೆಟ್ಟಿರುವುದು ಡ್ಯಾಶ್‌ಬೋರ್ಡಿನ ಹಿಂದಿನ ವೋಲ್ಟೇಜ್ ಸ್ಟೆಬಿಲೈಸರ್, ಎಂಜಿನ್ ಅಲ್ಲ.

ಹೆಡ್ ಗ್ಯಾಸ್ಕೆಟ್

ಹೊರಗೆಲ್ಲೂ ಸೋರದೆ ನೀರು ಮಾಯವಾಗುತ್ತಿದ್ದರೆ, ಹೆಡ್ಡಿಗೂ ಬ್ಲಾಕಿಗೂ ನಡುವಿನ ಗ್ಯಾಸ್ಕೆಟ್ ಕೆಟ್ಟು ಅದು ಸಿಲಿಂಡರಿನೊಳಗೆ ಹೋಗುತ್ತಿರಬಹುದು. ತಣ್ಣಗಿರುವ ಎಂಜಿನ್ನಿನ ಕ್ಯಾಪು ತೆಗೆದು ಚಾಲೂ ಮಾಡಿದಾಗ ನೀರಿನಲ್ಲಿ ಗುಳ್ಳೆ ನಿಲ್ಲದೆ ಏಳುವುದು, ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ ಬರುವುದು, ಬೆಳಿಗ್ಗೆ ಚಾಲೂ ಮಾಡುವಾಗ ಒಂದು ಸಿಲಿಂಡರ್ ಹಿಡಿಯದಿರುವುದು, ಡಿಪ್‌ಸ್ಟಿಕ್ಕಿನ ಎಣ್ಣೆ ಹಾಲು ಹಾಕಿದ ಚಹಾದಂತೆ ಕಾಣುವುದು ಇದರ ಗುರುತು.

ಆದರೆ ಮಲೆನಾಡಿನಲ್ಲಿ ಇಲ್ಲೊಂದು ಸೂಕ್ಷ್ಮವಿದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ತೋಟದ ಮನೆಯಿಂದ ಪೇಟೆಗೆ ನಾಲ್ಕೈದು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ, ಗಾಳಿಯ ತೇವವೇ ತಂಪಾಗಿ, ಎಣ್ಣೆ ಹಾಕುವ ಮುಚ್ಚಳದ ಒಳಗೆ ಬಿಳಿ ಗಸಿ ಕಟ್ಟುತ್ತದೆ. ಅದನ್ನು ನೋಡಿದ ಕೂಡಲೇ ಹೆಡ್ ಇಳಿಸಬೇಕೆಂದು ಹೇಳುವವರನ್ನು ತಡೆಯಬೇಕು. ಡಿಪ್‌ಸ್ಟಿಕ್ಕಿನ ಎಣ್ಣೆ ಶುದ್ಧವಾಗಿದ್ದು, ರೇಡಿಯೇಟರಿನ ನೀರಿನ ಮಟ್ಟ ಹಾಗೇ ಇದ್ದರೆ ಅರ್ಧ ಗಂಟೆ ಎಡೆಬಿಡದೆ ಓಡಿಸಿ ಮತ್ತೆ ನೋಡಬೇಕು.

ಗ್ಯಾಸ್ಕೆಟ್ ನಿಜಕ್ಕೂ ಹೋಗಿದ್ದರೆ ಹೊಸದನ್ನು ಹಾಕುವ ಮೊದಲು ಹೆಡ್ಡನ್ನು ಲೇತ್ ಅಂಗಡಿಗೆ ಒಯ್ದು ಸಮತಟ್ಟಾಗಿದೆಯೇ ಎಂದು ಅಳೆಸಲೇಬೇಕು. ಬಾಗಿದ ಹೆಡ್ಡಿನ ಮೇಲೆ ಹಾಕಿದ ಗ್ಯಾಸ್ಕೆಟ್ ಮುಂದಿನ ಘಟ್ಟಕ್ಕೆ ಮತ್ತೆ ಹೋಗುತ್ತದೆ. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ, ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ಕೈ ಅಂದಾಜು ಅಲ್ಯೂಮಿನಿಯಂ ಹೆಡ್ಡಿಗೆ ನಡೆಯುವುದಿಲ್ಲ.

ಘಟ್ಟದ ನಡುವೆ

ಮುಳ್ಳು ಏರತೊಡಗಿದೊಡನೆ ಎಸಿ ಬಂದ್ ಮಾಡಿ, ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಹಾಕಬೇಕು. ಕೂತವರಿಗೆ ಹಿಂಸೆಯಾದರೂ ಅದು ಇನ್ನೊಂದು ಪುಟ್ಟ ರೇಡಿಯೇಟರಾಗಿ ಕೆಲಸ ಮಾಡುತ್ತದೆ. ತಿರುವಿನಲ್ಲಿ ನಿಲ್ಲಿಸದೆ, ರಸ್ತೆ ಅಗಲವಿರುವಲ್ಲಿ ಗುಡ್ಡದ ಬದಿಗೆ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಬೇಕು. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ತೆಗೆಯಬೇಕು. ಹಿಂದೆ ಬರುವ ಬೈಕಿನವರ ಜೀವದ ಪ್ರಶ್ನೆ. ಉಗಿ ಬಾರದೆ ಫ್ಯಾನು ತಿರುಗುತ್ತಿದ್ದರೆ ಕೆಲವು ನಿಮಿಷ ಎಂಜಿನ್ ಚಾಲೂ ಇಡುವುದು ಒಳ್ಳೆಯದು, ನೀರು ಸುತ್ತುತ್ತಿರುತ್ತದೆ. ಉಗಿ ಬಂದಿದ್ದರೆ, ನೀರು ಚೆಲ್ಲಿದ್ದರೆ ತಕ್ಷಣ ಬಂದ್.

ಕ್ಯಾಪಿಗೆ ಆಗ ಕೈ ಹಚ್ಚಲೇಬಾರದು. ಒದ್ದೆ ಗೋಣಿಚೀಲ ಮುಚ್ಚಿ ತಿರುಗಿಸುವ ಹಳೆಯ ಲಾರಿಯವರ ಪದ್ಧತಿಯೂ ಬೇಡ. ಒತ್ತಡದಲ್ಲಿ 110 ಡಿಗ್ರಿಗೆ ಕಾದ ನೀರು ಕ್ಯಾಪು ಸಡಿಲಿಸಿದ ಕ್ಷಣದಲ್ಲಿ ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ. ಮೇಲಿನ ಹೋಸನ್ನು ಬರಿಗೈಯಲ್ಲಿ ಹಿಡಿದು ಹಿಚುಕುವಷ್ಟು ತಣ್ಣಗಾಗಲು ಅರ್ಧದಿಂದ ಮುಕ್ಕಾಲು ಗಂಟೆ ಬೇಕು. ಸುಟ್ಟರೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಬೇಕು, ಟೂತ್‌ಪೇಸ್ಟ್, ಎಣ್ಣೆ ಹಚ್ಚಬಾರದು. ಹಳ್ಳದ ತಣ್ಣೀರನ್ನು ಕಾದ ಎಂಜಿನ್ನಿಗೆ ಒಮ್ಮೆಲೇ ಸುರಿದರೆ ಬ್ಲಾಕು ಅಥವಾ ಹೆಡ್ಡು ಬಿರಿಯುತ್ತದೆ. ತಣಿದ ಮೇಲೆ ಎಂಜಿನ್ ಚಾಲೂ ಮಾಡಿ ಸ್ವಲ್ಪ ಸ್ವಲ್ಪವೇ ಹಾಕಬೇಕು. ಘಟ್ಟದ ಹಲವೆಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲವಾದ್ದರಿಂದ ಐದು ಲೀಟರ್ ನೀರಿನ ಕ್ಯಾನು, ಒಂದು ಫ್ಯಾನ್ ಬೆಲ್ಟು, ಎರಡು ಹೋಸ್ ಕ್ಲಿಪ್ಪು, ಸ್ಕ್ರೂಡ್ರೈವರು ಹಳೆಯ ಕಾರಿನ ಡಿಕ್ಕಿಯಲ್ಲಿ ಕಾಯಂ ಇರಬೇಕು. ಕುಮಟಾ, ಅಂಕೋಲಾದಿಂದ ವಾಪಸು ಹೊರಡುವ ಮೊದಲು, ಎಂಜಿನ್ ಇನ್ನೂ ತಣ್ಣಗಿರುವಾಗ, ನೀರಿನ ಮಟ್ಟವನ್ನು ಒಮ್ಮೆ ನೋಡಿಕೊಂಡವರಿಗೆ ಈ ಕಂಡಿಕೆಯ ಅಗತ್ಯ ಬಹುಮಟ್ಟಿಗೆ ಬೀಳುವುದಿಲ್ಲ.

ಕೂಲಂಟ್

ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಕೂಲಂಟ್ ಯಾಕೆ ಎಂದು ಕೇಳುವವರಿದ್ದಾರೆ. ಅದರ ಮುಖ್ಯ ಉಪಯೋಗ ತುಕ್ಕು ತಡೆಯುವುದು. ಬಾವಿಯ ನೀರನ್ನೋ ಹಳ್ಳದ ನೀರನ್ನೋ ವರ್ಷಗಟ್ಟಲೆ ತುಂಬಿದ ಎಂಜಿನ್ನಿನ ರೇಡಿಯೇಟರಿನಿಂದ ಇಳಿಸಿದ ನೀರು ಕೆಂಪು ರಾಡಿಯಾಗಿರುತ್ತದೆ. ಆ ಕೆಂಪು ಎಂಜಿನ್ನಿನ ಕಬ್ಬಿಣವೇ. ಎಥಿಲೀನ್ ಗ್ಲೈಕಾಲ್ ಮತ್ತು ಡಿಸ್ಟಿಲ್ಡ್ ನೀರನ್ನು ಸಮಪಾಲಾಗಿ ಬೆರೆಸಿದರೆ ಕುದಿಬಿಂದು ಸುಮಾರು 107 ಡಿಗ್ರಿಗೆ ಏರುತ್ತದೆ, ಕ್ಯಾಪಿನ ಒತ್ತಡದ ಲಾಭ ಅದರ ಮೇಲೆ. ಎರಡು ವರ್ಷಕ್ಕೊಮ್ಮೆ ಬದಲಿಸುವುದು ಸಾಮಾನ್ಯ ಕ್ರಮ. ತುಂಬುವಾಗ ಹೀಟರಿನ ನಲ್ಲಿ ತೆರೆದಿಟ್ಟು, ಗಾಡಿಯ ಮೂತಿ ಮೇಲಾಗುವಂತೆ ನಿಲ್ಲಿಸಿ, ಕ್ಯಾಪು ಹಾಕದೆ ಎಂಜಿನ್ ಚಾಲೂ ಇಟ್ಟು ಗುಳ್ಳೆ ನಿಲ್ಲುವವರೆಗೆ ಕಾಯಬೇಕು. ಒಳಗೆ ಗಾಳಿ ಸಿಕ್ಕಿಕೊಂಡರೆ ಎಲ್ಲ ಹೊಸ ಭಾಗ ಹಾಕಿದ ಗಾಡಿಯೂ ಮಾರನೆಯ ದಿನವೇ ಬಿಸಿಯಾಗುತ್ತದೆ.

ಗ್ಲೈಕಾಲ್ ಸಿಹಿಯಾದ ವಿಷ. ಸ್ವಲ್ಪ ನೆಕ್ಕಿದರೂ ನಾಯಿ, ಬೆಕ್ಕು, ಕರುಗಳ ಮೂತ್ರಪಿಂಡ ಕೆಡುತ್ತದೆ, ಮಕ್ಕಳಿಗೂ ಅಷ್ಟೇ ಅಪಾಯ. ದನಕರು ಓಡಾಡುವ ಅಂಗಳದಲ್ಲಿ ಕೂಲಂಟ್ ಇಳಿಸುವವರು ಕೆಳಗೆ ಬೋಗುಣಿ ಇಟ್ಟು ಹಿಡಿದು, ಚೆಲ್ಲಿದ್ದನ್ನು ಕೂಡಲೇ ಸಾಕಷ್ಟು ಮಣ್ಣು ಹಾಕಿ ಬಳಿದು ತೆಗೆದು, ಹಳೆಯ ದ್ರವವನ್ನು ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೆ ಒಪ್ಪಿಸಬೇಕು. ತೋಟದ ಬಸಿಗಾಲುವೆಗೆ, ಕೆರೆಗೆ, ಹಳ್ಳಕ್ಕೆ ಬಿಡಬಾರದು.